ಅನ್ನ ಬಡಿಸುವ ಕೈಗೆ ನೀರು, ಸೋಪು, ರಜೆ

ಬೆಳಗಿನ ಎಂಟು ಗಂಟೆ. ಜನ ಕಿಕ್ಕಿರಿದ ದರ್ಶಿನಿಯೊಂದರ ಕೌಂಟರಿನ ಆಚೆ ನಿಂತವರ ಕೈಯನ್ನಷ್ಟೇ ಹತ್ತು ನಿಮಿಷ ಗಮನಿಸಿ. ಆ ಕೈ ಟೋಕನ್ ಇಸಿದುಕೊಳ್ಳುತ್ತದೆ. ಇಡ್ಲಿ ಎತ್ತಿ ತಟ್ಟೆಗೆ ಹಾಕುತ್ತದೆ. ಚಟ್ನಿಯ ಸೌಟು ಹಿಡಿಯುತ್ತದೆ. ಹಣೆಯ ಬೆವರು ಒರೆಸಿಕೊಳ್ಳುತ್ತದೆ. ಚೆಲ್ಲಿದ ಸಾಂಬಾರನ್ನು ಹೆಗಲ ಮೇಲಿನ ಬಟ್ಟೆಯಿಂದ ಬಳಿದು, ಅದೇ ಬಟ್ಟೆಯಲ್ಲಿ ತಟ್ಟೆಯ ಅಂಚನ್ನೂ ಒರೆಸುತ್ತದೆ. ಮತ್ತೆ ವಡೆಗೆ ಹೋಗುತ್ತದೆ. ಇಷ್ಟರ ನಡುವೆ ಆ ಕೈಗೆ ಒಮ್ಮೆಯಾದರೂ ಸೋಪು ಸೋಕಿದ್ದನ್ನು ಕಾಣುವುದು ಅಪರೂಪ. ಎದುರಿಗೆ ಇಪ್ಪತ್ತು ಜನ ಟೋಕನ್ ಚಾಚಿಕೊಂಡು ನಿಂತಿರುತ್ತಾರೆ. ಕೈ ತೊಳೆಯುವ ಬೇಸಿನ್ ಇರುವುದು ಗಿರಾಕಿಗಳ ಕಡೆಗೆ. ಕೌಂಟರಿನ ಒಳಗೆ ಒಂದು ನಲ್ಲಿ ಇದ್ದರೂ ಅದು ಪಾತ್ರೆ ರಾಶಿಯ ಕೆಳಗೆ ಮುಚ್ಚಿಹೋಗಿರುತ್ತದೆ.

ಊಟ ಕೆಟ್ಟು ಯಾರಿಗಾದರೂ ವಾಂತಿಭೇದಿಯಾದರೆ ನಾವು ಬೈಯುವುದು ಆ ಕೈಯನ್ನು. ಆ ಕೈ ನಿಂತ ಜಾಗ ಹೇಗಿದೆ, ಅದಕ್ಕೆ ಯಾರು ಏನು ಕಲಿಸಿದ್ದಾರೆ, ಜ್ವರ ಬಂದ ದಿನ ಅದಕ್ಕೆ ವಿಶ್ರಾಂತಿ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ಆಹಾರ ಮುಟ್ಟುವವರ ಶುಚಿತ್ವಕ್ಕೆ ನಮ್ಮ ದೇಶದಲ್ಲಿ ಒಳ್ಳೆಯ ನಿಯಮಗಳಿವೆ, ತರಬೇತಿಯ ವ್ಯವಸ್ಥೆಯೂ ಇದೆ. ಅವು ಫಲ ಕೊಡಬೇಕಾದರೆ ಅಡುಗೆಮನೆಯ ಕೆಲಸಗಾರರ ಜೊತೆಗೆ ಮಾಲೀಕರು, ಸರ್ಕಾರ ಮತ್ತು ಉಣ್ಣುವ ನಾವೂ ಹೊಣೆ ಹೊರಬೇಕು.

ಕಾನೂನು ಕೇಳುವುದೇನು?

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಣ್ಣು ಹೆಚ್ಚಾಗಿ ಹಾಲಿಗೆ ನೀರು, ಮೆಣಸಿನ ಪುಡಿಗೆ ಬಣ್ಣ ಬೆರೆಸುವವರ ಮೇಲಿತ್ತು. ಅದರ ಬದಲಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದೇ ವರ್ಷದ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯಲ್ಲಿ ನಾಲ್ಕನೇ ಅನುಸೂಚಿ ಎಂಬ ಭಾಗವಿದೆ. ಹೋಟೆಲ್, ಬೇಕರಿ, ಡೇರಿ, ಮಾಂಸದಂಗಡಿ, ಮದುವೆ ಅಡುಗೆಯ ಕಂಟ್ರಾಕ್ಟರ್, ತಳ್ಳುಗಾಡಿಯವರು, ಹೀಗೆ ಆಹಾರ ಮುಟ್ಟುವ ಎಲ್ಲರ ಶುಚಿತ್ವದ ನಿಯಮಗಳು ಅಲ್ಲಿವೆ.

ಅದರ ಸಾರ ಸರಳವಾಗಿದೆ. ಅಡುಗೆಗೆ ಕುಡಿಯಲು ಯೋಗ್ಯವಾದ ನೀರೇ ಬೇಕು. ಕೆಲಸಗಾರರಿಗೆ ಕೈ ತೊಳೆಯಲು ಜಾಗ, ಸೋಪು, ಶೌಚಾಲಯ ಇರಬೇಕು. ಉಗುರು ಕತ್ತರಿಸಿರಬೇಕು, ತಲೆಗೂದಲು ಮುಚ್ಚಿರಬೇಕು. ಉಂಗುರ, ಬಳೆ, ವಾಚು ತೆಗೆದಿಟ್ಟು ಕೆಲಸಕ್ಕೆ ಇಳಿಯಬೇಕು. ಅಡುಗೆಮನೆಯಲ್ಲಿ ಎಲೆಅಡಿಕೆ, ಗುಟ್ಕಾ, ಬೀಡಿ, ಉಗುಳುವುದು ಕೂಡದು. ವರ್ಷಕ್ಕೊಮ್ಮೆ ವೈದ್ಯರಿಂದ ತಪಾಸಣೆಯಾಗಬೇಕು, ವಿಷಮಶೀತ ಜ್ವರದಂಥ ಕರುಳಿನ ಕಾಯಿಲೆಗಳಿಗೆ ಲಸಿಕೆ ಹಾಕಿಸಿ ದಾಖಲೆ ಇಡಬೇಕು. ಕಾಮಾಲೆ, ಭೇದಿ, ವಾಂತಿ, ಜ್ವರ, ಜ್ವರದೊಂದಿಗೆ ಗಂಟಲು ನೋವು, ಕೀವಾದ ಗಾಯ, ಕಿವಿ, ಕಣ್ಣು, ಮೂಗಿನಿಂದ ಸೋರುವಿಕೆ ಇರುವವರು ಆಹಾರ ಮುಟ್ಟಬಾರದು. ಅನೈರ್ಮಲ್ಯದ ವಾತಾವರಣದಲ್ಲಿ ಆಹಾರ ತಯಾರಿಸಿದರೆ ಕಾಯ್ದೆಯ 56ನೇ ಕಲಮಿನಡಿ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಇವು ಅಧಿಕಾರಿಗಳು ಸುಮ್ಮನೆ ಬರೆದಿಟ್ಟ ಕಟ್ಟಳೆಗಳಲ್ಲ. ಪ್ರತಿ ನಿಯಮದ ಹಿಂದೆಯೂ ಒಂದು ಕಾಯಿಲೆಯ ದಾರಿ ಇದೆ. ಆ ದಾರಿ ತಿಳಿಯದಿದ್ದರೆ ಟೋಪಿ, ಏಪ್ರನ್ ಎಲ್ಲವೂ ಇನ್‌ಸ್ಪೆಕ್ಟರ್ ಬಂದ ದಿನದ ವೇಷವಾಗಿ ಉಳಿಯುತ್ತವೆ.

ಅನ್ನ ಕೆಡುವುದು ಹೇಗೆ?

ಮೊದಲು ಅನ್ನವನ್ನೇ ನೋಡೋಣ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕುದಿಯುವ ನೀರಿಗೂ ಅವು ಜಗ್ಗುವುದಿಲ್ಲ. ಬೆಂದ ಅನ್ನ ಬಿಸಿಯಾಗಿರುವತನಕ ಸುಮ್ಮನಿರುವ ಅವು, ಉಗುರುಬೆಚ್ಚಗಾದೊಡನೆ ಮೊಳೆತು ಬೆಳೆಯುತ್ತವೆ, ಬೆಳೆಯುತ್ತಾ ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಈ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮಧ್ಯಾಹ್ನ ಮಿಕ್ಕ ಅನ್ನವನ್ನು ಸಂಜೆಯವರೆಗೆ ಹಂಡೆಯಲ್ಲೇ ಮುಚ್ಚಿಟ್ಟು ರಾತ್ರಿ ಚಿತ್ರಾನ್ನ ಕಲಸುವುದು ಅಪಾಯಕರ ಎನ್ನುವುದು ಇದಕ್ಕೇ. ಒಗ್ಗರಣೆಯ ಘಮ ಆ ಅಪಾಯವನ್ನು ಮರೆಸಬಲ್ಲದೇ ಹೊರತು ನೀಗಿಸಲಾರದು.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯನ್ನು ಆಹಾರ ಸುರಕ್ಷತೆಯವರು ಅಪಾಯದ ವಲಯ ಎನ್ನುತ್ತಾರೆ. ಹದವಾದ ಬಿಸುಪು ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಈ ಲೆಕ್ಕದಲ್ಲಿ ಒಂದೇ ಒಂದು ಜೀವಕೋಶ 4 ಗಂಟೆಯಲ್ಲಿ 4 ಸಾವಿರವನ್ನೂ 7 ಗಂಟೆಯಲ್ಲಿ 20 ಲಕ್ಷವನ್ನೂ ದಾಟುತ್ತದೆ. ಬಿಸಿ ಬಡಿಸುವುದನ್ನು 60 ಡಿಗ್ರಿಗಿಂತ ಮೇಲೆ, ತಣ್ಣಗಿನದನ್ನು 5 ಡಿಗ್ರಿಗಿಂತ ಕೆಳಗೆ ಇಡಿ, ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಲೆಕ್ಕದ ಮೇಲೆ. ದೊಡ್ಡ ಹಂಡೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಉಳಿಸಲೇಬೇಕಾದ ಅಡುಗೆಯನ್ನು ಅಗಲ ಬಾಯಿಯ ಚಿಕ್ಕ ಪಾತ್ರೆಗಳಿಗೆ ಹಂಚಿ, ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಬೇಕು. ಬೆಳಗಿನ ಕಾಯಿ ಚಟ್ನಿಯ ಮೇಲೆಯೇ ಮಧ್ಯಾಹ್ನ ಹೊಸ ಚಟ್ನಿ ಸುರಿಯುವ ಅಭ್ಯಾಸವೂ ಇಲ್ಲಿಯೇ ನಿಲ್ಲಬೇಕು. ಹಾಗೆ ಸುರಿದಾಗ ಹಳೆಯದರ ಕೆಡುಕು ಹೊಸದಕ್ಕೂ ಅಂಟುತ್ತದೆ.

ಇನ್ನು ಕೈಯ ಪಾಲು. ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಕೀವಾದ ಗಾಯದಲ್ಲಂತೂ ಅದು ತುಂಬಿರುತ್ತದೆ. ಮೂಗು ಮುಟ್ಟಿದ ಬೆರಳು ಪೇಡಾ ಕಟ್ಟಿದರೆ, ಆ ಪೇಡಾ ಬಿಸಿಲಲ್ಲಿ ನಾಲ್ಕು ಗಂಟೆ ಕೂತರೆ, ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಬಹುದು. ವಾಂತಿಭೇದಿ ತರುವ ನೊರೊವೈರಸ್ ಇನ್ನೂ ಚುರುಕು. ಅದರ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು. ವಾಂತಿಭೇದಿ ನಿಂತ ಮೇಲೂ 2 ದಿನ ಅಡುಗೆಮನೆಯಿಂದ ದೂರ ಇರಬೇಕೆಂದು ಹಲವು ದೇಶಗಳು ನಿಯಮ ಮಾಡಿರುವುದು ಇಂಥ ವೈರಾಣುಗಳ ಕಾರಣಕ್ಕೆ. ಕಾಮಾಲೆ ತರುವ ಹೆಪಟೈಟಿಸ್-ಎ ಮತ್ತೂ ಕಷ್ಟದ್ದು. ಕಣ್ಣು ಹಳದಿಯಾಗುವ ಮೊದಲೇ, ತನಗೆ ಕಾಯಿಲೆ ಇದೆ ಎಂದು ಗೊತ್ತಿಲ್ಲದ ವ್ಯಕ್ತಿಯಿಂದ ಅದು ಹರಡುತ್ತಿರುತ್ತದೆ. ಆದ್ದರಿಂದಲೇ ಕಾಯಿಲೆ ಕಾಣಿಸಿದ ದಿನಕ್ಕಷ್ಟೇ ಸೀಮಿತವಾಗದೆ ದಿನವೂ ಕೈ ತೊಳೆಯಬೇಕು.

ಮೇರಿ ಮ್ಯಾಲನ್ ಕಲಿಸಿದ ಪಾಠ

ಆಹಾರ ಮುಟ್ಟುವವರ ಚರಿತ್ರೆಯಲ್ಲಿ ಅಮೆರಿಕದ ಒಬ್ಬ ಅಡುಗೆಯಾಕೆಯ ಕಥೆಯನ್ನು ಇಂದಿಗೂ ಹೇಳುತ್ತಾರೆ. ಐರ್ಲೆಂಡಿನಿಂದ ವಲಸೆ ಬಂದಿದ್ದ ಮೇರಿ ಮ್ಯಾಲನ್ ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. 1906ರ ಬೇಸಿಗೆಯಲ್ಲಿ ಆಯ್‌ಸ್ಟರ್ ಬೇ ಎಂಬಲ್ಲಿ ಆಕೆ ಕೆಲಸಕ್ಕಿದ್ದ ಮನೆಯ 11 ಮಂದಿಯಲ್ಲಿ 6 ಮಂದಿಗೆ ವಿಷಮಶೀತ ಜ್ವರ ಬಂತು. ತನಿಖೆಗೆ ಬಂದ ಜಾರ್ಜ್ ಸೋಪರ್ ಆಕೆ ಹಿಂದೆ ದುಡಿದ ಮನೆಗಳ ಜಾಡು ಹಿಡಿದಾಗ, ಒಂದರ ನಂತರ ಒಂದು ಮನೆಯಲ್ಲಿ ಅದೇ ಜ್ವರ ಕಾಣಿಸಿಕೊಂಡಿದ್ದು ಬೆಳಕಿಗೆ ಬಂತು. ಮೇರಿ ಮಾತ್ರ ಗಟ್ಟಿಮುಟ್ಟಾಗಿದ್ದಳು. ವಿಷಮಶೀತ ಜ್ವರ ಬಂದವರಲ್ಲಿ ನೂರಕ್ಕೆ ಒಬ್ಬರಿಂದ ಐವರ ದೇಹದಲ್ಲಿ ರೋಗಾಣು ದೀರ್ಘಕಾಲ, ಹೆಚ್ಚಾಗಿ ಪಿತ್ತಕೋಶದಲ್ಲಿ, ಉಳಿದುಬಿಡುತ್ತದೆ. ಅವರಿಗೆ ಏನೂ ಆಗಿರುವುದಿಲ್ಲ, ಆದರೆ ಮಲದ ಮೂಲಕ, ತೊಳೆಯದ ಕೈ ಮೂಲಕ ರೋಗ ಹರಡುತ್ತಲೇ ಇರುತ್ತದೆ.

1907ರಲ್ಲಿ ಆಕೆಯನ್ನು ನದಿ ನಡುವಿನ ದ್ವೀಪವೊಂದರಲ್ಲಿ ಕೂಡಿಹಾಕಿದರು. ಇನ್ನು ಅಡುಗೆ ಕೆಲಸ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತಾದರೂ ಅದರಲ್ಲಿ ಕೂಲಿ ಕಡಿಮೆ. ತನ್ನೊಳಗೆ ರೋಗವಿದೆ ಎಂಬುದನ್ನು ಆಕೆ ನಂಬಲೂ ಇಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆ ಸೇರಿದಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿ ಜ್ವರಕ್ಕೆ ತುತ್ತಾದರು, ಇಬ್ಬರು ಸತ್ತರು. ಅಲ್ಲಿಂದ 1938ರಲ್ಲಿ ಸಾಯುವತನಕ ಆಕೆ ಮತ್ತೆ ಅದೇ ದ್ವೀಪದಲ್ಲಿ ಬಂದಿಯಾಗಿದ್ದಳು.

‘ಟೈಫಾಯ್ಡ್ ಮೇರಿ’ ಎಂದು ಜಗತ್ತು ಆಕೆಯನ್ನು ಹಳಿಯಿತು. ಆಕೆಯ ತಪ್ಪು ದೊಡ್ಡದೇ. ಆದರೆ ಆಕೆಗೆ ನಂಬಿಕೆ ಬರುವಂತೆ ವಿವರಿಸಿ ಹೇಳಿದವರಿಲ್ಲ, ಅಡುಗೆಯಷ್ಟೇ ಸಂಬಳದ ಬೇರೆ ಕೆಲಸ ಕೊಟ್ಟವರಿಲ್ಲ. ‘ಅಡುಗೆ ಮಾಡಬೇಡ’ ಎಂಬ ಆಜ್ಞೆಯೊಂದೇ ಹೊಟ್ಟೆಪಾಡಿನ ಮುಂದೆ ನಿಲ್ಲಲಿಲ್ಲ. ನೂರು ವರ್ಷ ಕಳೆದರೂ ಹೋಟೆಲ್ ಕಾರ್ಮಿಕರ ಮುಂದಿರುವ ಪ್ರಶ್ನೆ ಹೆಚ್ಚು ಬದಲಾಗಿಲ್ಲ.

ನಾಲ್ಕು ಗಂಟೆಯ ತರಗತಿ

ಭಾರತದ ಆಹಾರ ಸುರಕ್ಷತೆ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2017ರಲ್ಲಿ ಫೊಸ್ಟ್ಯಾಕ್ ಎಂಬ ತರಬೇತಿ ಕಾರ್ಯಕ್ರಮ ಆರಂಭಿಸಿತು. ಚಿಕ್ಕ ಹೋಟೆಲ್, ಬೀದಿ ಬದಿ ವ್ಯಾಪಾರಿಗಳಿಗೆ ಸುಮಾರು 4 ಗಂಟೆಯ ಮೂಲ ತರಗತಿ, ದೊಡ್ಡ ಸಂಸ್ಥೆಗಳಿಗೆ 8 ಗಂಟೆಯ ಮುಂದುವರಿದ ತರಗತಿ. ಪ್ರತಿ 25 ಕೆಲಸಗಾರರಿಗೆ ಕನಿಷ್ಠ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಇರಬೇಕು, ಅವರು ಉಳಿದವರಿಗೆ ಕಲಿಸಬೇಕು ಎಂಬುದು ಇದರ ಲೆಕ್ಕಾಚಾರ. ಪ್ರಮಾಣಪತ್ರಕ್ಕೆ 2 ವರ್ಷದ ಅವಧಿ.

ಒಳ್ಳೆಯ ತರಬೇತಿ ಹೇಗಿರುತ್ತದೆ ಎಂಬುದಕ್ಕೆ ಇಂಥ ತರಗತಿಗಳಲ್ಲಿ ಬಳಸುವ ಒಂದು ಪ್ರಯೋಗವನ್ನು ನೋಡಬಹುದು. ಕೆಲಸಗಾರರ ಕೈಗೆ ಬಣ್ಣವಿಲ್ಲದ ಒಂದು ಕ್ರೀಮ್ ಹಚ್ಚಿ, ‘ದಿನಾ ತೊಳೆಯುವ ಹಾಗೆ ತೊಳೆದುಕೊಂಡು ಬನ್ನಿ’ ಎನ್ನುತ್ತಾರೆ. ತೊಳೆದು ಬಂದ ಕೈಯನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ಕ್ರೀಮ್ ಉಳಿದ ಜಾಗವೆಲ್ಲ ಹೊಳೆಯುತ್ತದೆ. ಅಂಗೈ ಸಾಮಾನ್ಯವಾಗಿ ಶುಭ್ರವಾಗಿರುತ್ತದೆ. ಹೊಳೆಯುವುದು ಹೆಬ್ಬೆರಳಿನ ಬುಡ, ಬೆರಳ ಸಂದಿ, ಉಗುರಿನ ಅಂಚು ಮತ್ತು ಉಂಗುರದ ಕೆಳಗಿನ ಚರ್ಮ. ಉಂಗುರ ತೆಗೆಯಬೇಕು, ಉಗುರು ಕತ್ತರಿಸಬೇಕು, ಕನಿಷ್ಠ 20 ಸೆಕೆಂಡ್ ಉಜ್ಜಬೇಕು ಎಂಬ ಮೂರು ನಿಯಮಗಳ ಕಾರಣ ಆ ಕ್ಷಣದಲ್ಲಿ ಕಣ್ಣಿಗೇ ಕಾಣುತ್ತದೆ. ತನ್ನದೇ ಕೈ ಹೊಳೆಯುವುದನ್ನು ಕಂಡವರಿಗೆ ಬೇರೆ ಉಪನ್ಯಾಸ ಬೇಕಿಲ್ಲ.

ಗ್ಲೌಸಿನ ಬಗ್ಗೆಯೂ ಹೀಗೇ ಕಲಿಸಬೇಕು. ಗ್ಲೌಸ್ ಹಾಕಿದ್ದನ್ನು ನೋಡಿ ಗಿರಾಕಿಗೆ ಸಮಾಧಾನವಾಗುತ್ತದೆ. ಆದರೆ ಗ್ಲೌಸ್ ಹಾಕಿದ ಕೈಯೇ ನೋಟು ಎಣಿಸಿ, ಮೊಬೈಲ್ ಒತ್ತಿ, ಅದರಲ್ಲೇ ಪಾನಿಪೂರಿ ಒಡೆದರೆ ಅದು ಬರಿಗೈಗಿಂತ ಕೆಟ್ಟದ್ದು, ಏಕೆಂದರೆ ಕೈ ಅಂಟಂಟಾದದ್ದು ಹಾಕಿಕೊಂಡವರಿಗೆ ತಿಳಿಯುವುದೇ ಇಲ್ಲ. ಗಾಯಕ್ಕೆ ಹಾಕುವ ಪಟ್ಟಿಯ ವಿಷಯ ನೋಡಿ. ದೊಡ್ಡ ಅಡುಗೆಮನೆಗಳಲ್ಲಿ ನೀರು ತಾಗದ ನೀಲಿ ಪಟ್ಟಿ ಬಳಸುತ್ತಾರೆ. ನೀಲಿ ಬಣ್ಣದ ಆಹಾರ ಇಲ್ಲವೆನ್ನುವಷ್ಟು ಅಪರೂಪವಾದ್ದರಿಂದ ಕಳಚಿ ಬಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಹಸಿ ಕೋಳಿ ಕತ್ತರಿಸಿದ ಮಣೆ, ಚಾಕುಗಳಿಗೆ ಈರುಳ್ಳಿ, ಸೌತೆಕಾಯಿ ತಾಗಬಾರದು. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ.

ತರಗತಿಯ ಭಾಷೆಯೂ ಮುಖ್ಯ. ಇಂದು ಬೆಂಗಳೂರಿನ ಹೋಟೆಲುಗಳ ಒಳಗೆ ಒಡಿಶಾ, ಅಸ್ಸಾಂ, ಬಿಹಾರ, ಬಂಗಾಳ, ನೇಪಾಳದಿಂದ ಬಂದ ಹುಡುಗರು ನಮ್ಮ ಕುಂದಾಪುರ, ಹಾಸನ, ರಾಯಚೂರಿನವರ ಪಕ್ಕದಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ತಿಳಿಯದ ಭಾಷೆಯ ಸ್ಲೈಡುಗಳನ್ನು ತೋರಿಸಿ ಪ್ರಮಾಣಪತ್ರ ಕೊಟ್ಟರೆ ಗೋಡೆಗೊಂದು ಚೌಕಟ್ಟು ಸಿಗುತ್ತದೆ, ಅಡುಗೆಮನೆ ಇದ್ದಂತೆಯೇ ಇರುತ್ತದೆ.

ಮಾಲೀಕರ ಪಾಲು

2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸಿತು. ತಪಾಸಣೆ ನಡೆಸಿದ ಹೋಟೆಲುಗಳಲ್ಲಿ 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಇತ್ತು. ಬಟ್ಟೆಯನ್ನು ಪ್ರತಿ ಬಾರಿ ತೊಳೆದು, ಕುದಿಸಿ, ಒಣಗಿಸಬೇಕು. ಅದಕ್ಕೆ ನೀರು, ಜಾಗ ಮತ್ತು ಒಬ್ಬ ಆಳು ಬೇಕು. ಪ್ಲಾಸ್ಟಿಕ್ ಹಾಳೆ ಆ ಮೂರನ್ನೂ ಉಳಿಸುತ್ತದೆ. ಅಡುಗೆಮನೆಯ ಬಹುಪಾಲು ತಪ್ಪುಗಳ ಹಿಂದೆ ಹೀಗೆ ಉಳಿತಾಯದ ಲೆಕ್ಕವೊಂದು ಇರುತ್ತದೆ, ಆ ಲೆಕ್ಕವನ್ನು ಹಾಕುವವರು ಗಲ್ಲಾದಲ್ಲಿ ಕೂತವರೇ ಹೊರತು ಇಡ್ಲಿ ಹೊಯ್ಯುವವರಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ನಡೆಯುವುದು ರಜೆಯಲ್ಲಿ. ಭೇದಿ ಆದವರು ಆಹಾರ ಮುಟ್ಟಬಾರದೆಂದು ನಿಯಮ ಹೇಳುತ್ತದೆ. ಆದರೆ ಒಂದು ದಿನ ಬರದಿದ್ದರೆ ಒಂದು ದಿನದ ಸಂಬಳ ಖೋತಾ ಎನ್ನುವಲ್ಲಿ ಯಾವ ಸಪ್ಲೈಯರ್ ತಾನಾಗಿ ಬಂದು ‘ನನಗೆ ಭೇದಿಯಾಗಿದೆ’ ಎಂದು ಹೇಳುತ್ತಾನೆ? ಮಾತ್ರೆ ನುಂಗಿ, ಟವೆಲು ಬಿಗಿದು ಕೆಲಸಕ್ಕೆ ನಿಲ್ಲುತ್ತಾನೆ. ಕಾಯಿಲೆಯ ದಿನಕ್ಕೆ ಸಂಬಳ ಕೊಡುವುದು ಧರ್ಮದ ಮಾತು ಮಾತ್ರವಲ್ಲ, ಆಹಾರ ಸುರಕ್ಷತೆಯ ಮೊದಲ ಮೆಟ್ಟಿಲು. ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ, ವ್ಯಾಪ್ತಿಗೆ ಬಂದ ಕಾರ್ಮಿಕರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟು ಸಿಗುವ ಸೌಲಭ್ಯವಿದೆ. ಅರ್ಹರಾದವರನ್ನು ನೋಂದಾಯಿಸುವುದು, ಅದು ಅನ್ವಯವಾಗದ ಚಿಕ್ಕ ಹೋಟೆಲುಗಳಲ್ಲಿ ಎರಡು ಮೂರು ದಿನದ ಸಂಬಳವನ್ನು ಮಾಲೀಕರೇ ಭರಿಸುವುದು, ಅಥವಾ ಆ ದಿನಗಳಿಗೆ ಆಹಾರ ಮುಟ್ಟದ ಬೇರೆ ಕೆಲಸ ಕೊಡುವುದು ಮಾಡಲಾಗದ ಕೆಲಸಗಳೇನಲ್ಲ.

ಕೆಲಸಗಾರರ ಮಾತಿಗೆ ಬೆಲೆಯೂ ಇರಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಅಡುಗೆ ಎಣ್ಣೆಯಲ್ಲಿ ಸೇರಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆಗ ವರದಿಯಾಗಿತ್ತು. ಒಲೆಯ ಮುಂದೆ ನಿಂತವರಿಗೆ ವಾಸನೆ, ಬಣ್ಣ, ನೊರೆಯ ವ್ಯತ್ಯಾಸ ಮೊದಲು ತಿಳಿಯುತ್ತದೆ. ‘ಇದು ಬೇಡ’ ಎನ್ನುವ ಅಧಿಕಾರ ಅವರಿಗಿರಬೇಕು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರೂ ಸೇರಿದಂತೆ ದೊಡ್ಡವರು ಉಂಡು ನೋಡಬೇಕೆಂಬ ನಿಯಮವನ್ನು ಒಂದು ದಿನವೂ ತಪ್ಪಿಸಬಾರದು.

ಯಾರ ಕೈ ಎಂಬುದಲ್ಲ, ಎಂಥ ಕೈ ಎಂಬುದು

ನಮ್ಮ ಮನೆಗಳಿಗೆ ಶುಚಿಯ ಪ್ರಜ್ಞೆ ಹೊಸದಲ್ಲ. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬಾರದು, ಎಂಜಲು ಸೌಟನ್ನು ಪಾತ್ರೆಗೆ ಹಾಕಬಾರದು ಎಂದು ಅಜ್ಜಿಯರು ಹೇಳುತ್ತಿದ್ದುದರಲ್ಲಿ ಇಂದಿನ ವಿಜ್ಞಾನ ಒಪ್ಪುವ ತಿಳಿವಳಿಕೆ ಇದೆ. ಅದರ ಜೊತೆಗೇ ಯಾವ ಜಾತಿಯವರು ಅಡುಗೆ ಮಾಡಿದರು ಎಂದು ನೋಡುವ ರೋಗವೂ ನಮ್ಮಲ್ಲಿದೆ. ದಲಿತ ಮಹಿಳೆ ಅಡುಗೆಗೆ ಬಂದರೆಂದು ಮಕ್ಕಳನ್ನು ಬಿಸಿಯೂಟದಿಂದ, ಶಾಲೆಯಿಂದಲೇ ಬಿಡಿಸಿದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಬ್ಯಾಕ್ಟೀರಿಯಾ ಜಾತಿ ಕೇಳುವುದಿಲ್ಲ. ತರಬೇತಿ ಪಡೆದು, ಕೈ ತೊಳೆದು, ತಲೆ ಮುಚ್ಚಿಕೊಂಡು ಅಡುಗೆ ಮಾಡುವ ತಾಯಿಯ ಊಟ ಸುರಕ್ಷಿತ. ಜಾತಿಯ ಮಡಿಯಲ್ಲಿದ್ದೂ ಶೌಚಾಲಯದಿಂದ ಬಂದು ಸೋಪು ಮುಟ್ಟದವರ ಊಟ ಸುರಕ್ಷಿತವಲ್ಲ. ಆಹಾರ ಸುರಕ್ಷತೆಯ ಪ್ರತಿ ತರಗತಿಯಲ್ಲೂ, ಪ್ರತಿ ಶಾಲೆಯಲ್ಲೂ ಇದನ್ನು ಬಾಯಿಬಿಟ್ಟು ಹೇಳಬೇಕು.

ತಳ್ಳುಗಾಡಿಗೆ ನಲ್ಲಿ ಎಲ್ಲಿದೆ?

ಬೀದಿ ಬದಿಯ ತಿಂಡಿಯನ್ನು ದೂರುವುದು ಸುಲಭ. ಒಂದು ಬಕೆಟ್ ನೀರಿನಲ್ಲಿ ನೂರು ತಟ್ಟೆ ಅದ್ದಿ ತೆಗೆಯುವುದು ತಪ್ಪೇ. ಆದರೆ ಹತ್ತಿರದಲ್ಲಿ ನಲ್ಲಿಯಿಲ್ಲ, ಚರಂಡಿಯಿಲ್ಲ, ಶೌಚಾಲಯವಿಲ್ಲ ಎಂದಾಗ ಆ ವ್ಯಾಪಾರಿ ನಾಲ್ಕನೇ ಅನುಸೂಚಿಯನ್ನು ಪಾಲಿಸುವುದು ಹೇಗೆ? ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ತಿಂಡಿ ಬೀದಿಯನ್ನು ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ಮೊದಲ ಸ್ವಚ್ಛ ಬೀದಿ ಆಹಾರ ತಾಣವೆಂದು ಗುರುತಿಸಿತು. ಅಂಥ ಮನ್ನಣೆಗೆ ವ್ಯಾಪಾರಿಗಳ ತರಬೇತಿಯ ಜೊತೆಗೆ ಶುದ್ಧ ನೀರು, ಕಸ ವಿಲೇವಾರಿ, ಬೆಳಕಿನ ವ್ಯವಸ್ಥೆಯನ್ನೂ ಪರಿಶೀಲಿಸುತ್ತಾರೆ. ನಮ್ಮ ಊರುಗಳ ತಿಂಡಿ ಬೀದಿಗಳಿಗೂ ನಗರಪಾಲಿಕೆ, ಪುರಸಭೆಗಳು ದಂಡದ ರಸೀದಿಗಿಂತ ಮೊದಲು ನಲ್ಲಿಯನ್ನು ತರಬೇಕು.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆ ನಡೆಯಿತು. ರೋಡಮೈನ್-ಬಿಯಂಥ ಬಣ್ಣ ದೂರವಾಗಬೇಕಾದದ್ದೇ. ಆದರೆ ಕಣ್ಣಿಗೆ ಕಾಣುವ ಕೆಂಪಿಗೆ ಸಿಕ್ಕಷ್ಟು ಗಮನ, ಕಣ್ಣಿಗೆ ಕಾಣದೆ ದಿನವೂ ಹೊಟ್ಟೆ ಕೆಡಿಸುವ ಕೊಳಕು ಕೈಗೆ, ಕೊಳಕು ನೀರಿಗೆ ಸಿಗಲಿಲ್ಲ. ಕಲುಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಮಂದಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತ್ತು. ಸಾಯುವವರಲ್ಲಿ ಸುಮಾರು ಮೂರನೇ ಒಂದು ಭಾಗ 5 ವರ್ಷದೊಳಗಿನ ಮಕ್ಕಳು.

ನಮ್ಮಿಂದ ಆಗುವುದು

ಉಣ್ಣುವವರಿಗೂ ಕೆಲಸವಿದೆ. ಹೋಟೆಲಿನ ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕೆಂಬುದು 2022ರ ಜನವರಿಯಿಂದ ಕಡ್ಡಾಯ, ಅದು ಇದೆಯೇ ಎಂದು ನೋಡಿ. ಬೋಂಡಾ, ಮಂಡಕ್ಕಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿ ಕೊಟ್ಟರೆ ಬೇಡವೆನ್ನಿ, ಅಚ್ಚಿನ ಶಾಯಿ ಹೊಟ್ಟೆಗೆ ಹೋಗಬಾರದು. ದುಡ್ಡು ತೆಗೆದುಕೊಳ್ಳುವವರು ಒಬ್ಬರು, ತಿಂಡಿ ಕೊಡುವವರು ಮತ್ತೊಬ್ಬರು ಇರುವ ಅಂಗಡಿಯನ್ನು ಆರಿಸಿ. ಮದುವೆ, ಗೃಹಪ್ರವೇಶಕ್ಕೆ ಅಡುಗೆಯವರನ್ನು ಗೊತ್ತುಮಾಡುವಾಗ ಎಷ್ಟು ಬಗೆ ಸಿಹಿ ಎಂದು ಕೇಳುವುದರ ಜೊತೆಗೆ, ಬಡಿಸುವ ಹುಡುಗರಿಗೆ ಕೈ ತೊಳೆಯುವ ವ್ಯವಸ್ಥೆ ಏನು, ಮಿಕ್ಕಿದ್ದನ್ನು ಎಷ್ಟು ಹೊತ್ತು ಇಡುತ್ತೀರಿ ಎಂದೂ ಕೇಳಿ. ಸಾಂಬಾರು ತರಲು ಎರಡು ನಿಮಿಷ ತಡವಾದರೆ ಗದರಬೇಡಿ, ಆ ಎರಡು ನಿಮಿಷ ಕೈ ತೊಳೆಯಲು ಹೋಗಿರಬಹುದು.

ಮಾಲೀಕರಲ್ಲಿ ವಿನಂತಿ ಇಷ್ಟೇ: ಕೌಂಟರಿನ ಒಳಗೊಂದು ನಲ್ಲಿ ಹಾಕಿಸಿ, ಪಕ್ಕದಲ್ಲಿ ಸೋಪು ಇಡಿ, ಕೆಲಸಗಾರರಿಗೆ ಅವರ ಭಾಷೆಯಲ್ಲೇ ಕಲಿಸಿ, ಕಾಯಿಲೆ ಬಂದ ದಿನ ಸಂಬಳ ಕಡಿಯದೆ ಮನೆಗೆ ಕಳಿಸಿ. ಇಷ್ಟನ್ನು ನೀವು ಮಾಡಿದ ಮೇಲೆ, ಕೈ ತೊಳೆಯದ ಕೆಲಸಗಾರನನ್ನು ಪ್ರಶ್ನಿಸುವ ಹಕ್ಕು ನಿಮಗೂ ಇದೆ, ನಮಗೂ ಇದೆ.